ಕುದುರೆ ಕಥೆ ಬರೆಯುವವರಿಗೆ ಕುದುರೆಯ ಹೊಟ್ಟೆ ಗೊತ್ತಿರಬೇಕು

ಮಕ್ಕಳ ಕಥೆಯಲ್ಲಿ ಕುದುರೆ ಬಂದರೆ ಸಾಕು, ನಮ್ಮವರು ಅದಕ್ಕೆ ರೆಕ್ಕೆ ಹಚ್ಚುತ್ತಾರೆ, ಇಲ್ಲವೇ ರಾಜಕುಮಾರನನ್ನು ಹತ್ತಿಸುತ್ತಾರೆ. ಅದರ ಲದ್ದಿ ಬಳಿಯುವ ಹುಡುಗಿ ಸಿಗುವುದು ಅಪರೂಪ. ಅಂಥವಳನ್ನು ಹುಡುಕಿಕೊಂಡು ರೈಡಿಂಗ್ ಕ್ಲಬ್ಬಿಗೆ ಹೋಗಬೇಕಿಲ್ಲ. ಗದಗ, ನವಲಗುಂದ, ಹಾವೇರಿ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾರರು ಬೀಡುಬಿಟ್ಟಲ್ಲಿ ಗಿಡ್ಡ ಕುದುರೆಗಳೂ ಇರುತ್ತವೆ. ಪಾತ್ರೆ, ಕೌದಿ, ಬಲೆ, ಆಗತಾನೇ ಹುಟ್ಟಿದ ಕುರಿಮರಿ ಎಲ್ಲವನ್ನೂ ಹೊರುವುದು ಅವೇ.

ಕಥೆಯನ್ನು ಬೆನ್ನಿನಿಂದಲೇ ಶುರು ಮಾಡಬಹುದು. 250 ಕಿಲೋ ತೂಗುವ ಕುದುರೆಗೆ ಸುಮಾರು 50 ಕಿಲೋ ಹೊರೆ ಸಾಕು, ಅದೂ ಎರಡೂ ಬದಿ ಸಮನಾಗಿ. ಹೊರೆಯ ಕೆಳಗಿನ ಕೌದಿ ಒಂದು ಕಡೆ ಮಡಚಿಕೊಂಡರೂ ಅಲ್ಲಿ ಚರ್ಮ ಒತ್ತಿ ಹುಣ್ಣಾಗುತ್ತದೆ. ಹುಣ್ಣು ಮಾಯ್ದ ಮೇಲೆ ಆ ಜಾಗದಲ್ಲಿ ಹೆಚ್ಚಾಗಿ ಬಿಳಿ ಕೂದಲೇ ಹುಟ್ಟುತ್ತವೆ. ಸಂತೆಯಿಂದ ತಂದ ಕಂದು ಕುದುರೆಯ ಬೆನ್ನ ಮೇಲೆ ರೂಪಾಯಿ ಅಗಲದ ಎರಡು ಬಿಳಿ ಮಚ್ಚೆ ಕಂಡರೆ, ಹಳೆಯ ಒಡೆಯ ಹೇಗೆ ಹೊರೆ ಕಟ್ಟುತ್ತಿದ್ದ ಎಂದು ಹನ್ನೆರಡರ ಹುಡುಗಿ ಊಹಿಸಬಲ್ಲಳು. ಒಂದು ಅಧ್ಯಾಯಕ್ಕೆ ಇಷ್ಟು ಸಾಕು.

ಮಳೆ ಬಿದ್ದ ಎರಿ ಹೊಲದಲ್ಲಿ ನಡೆದ ಕುದುರೆಯ ಗೊರಸಿನೊಳಗೆ ಮಣ್ಣು ಗಾರೆಯಂತೆ ಕೂರುತ್ತದೆ. ದಿನಾ ಸಂಜೆ ಕಾಲೆತ್ತಿ, ಹಿಮ್ಮಡಿಯಿಂದ ಮುಂದಕ್ಕೆ ಕೆರೆದು ತೆಗೆಯಬೇಕು. ತಳದ ನಡುವಿನ ತ್ರಿಕೋನ ಭಾಗ ಮೆತ್ತಗಿರುವುದರಿಂದ ಅಲ್ಲಿ ಕಬ್ಬಿಣ ಒತ್ತಬಾರದು. ಅದರ ಪಕ್ಕದ ಸಂದಿಯಿಂದ ಕಪ್ಪು ರಸ, ಕೊಳೆತ ವಾಸನೆ ಬಂದರೆ ನಿಂತ ಜಾಗ ಒದ್ದೆಯಾಗಿದೆ ಎಂದೇ ತಿಳಿಯಬೇಕು.

ಇನ್ನು ಹೊಟ್ಟೆ. ನಮ್ಮ ಲೇಖಕರು ಹೆಚ್ಚು ಎಡವುವುದು ಇಲ್ಲೇ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ತಿಂದದ್ದು ಕೆಟ್ಟದ್ದಾದರೂ ಹಿಂದಕ್ಕೆ ಬರುವುದಿಲ್ಲ. ಹಾವೇರಿ ಗೋವಿನಜೋಳದ ಸೀಮೆ; ಬೂಸಲು ಹಿಡಿದ ಕಾಳನ್ನು ದನ ತಕ್ಕಮಟ್ಟಿಗೆ ತಾಳಿಕೊಳ್ಳಬಹುದು, ಆದರೆ ಅದೇ ಬೂಸಲಿನ ವಿಷ ಕುದುರೆಯ ಮಿದುಳನ್ನೇ ಕೊಳೆಸುತ್ತದೆ. ಪ್ರೀತಿಯಿಂದ ಚೀಲ ಬಿಚ್ಚಿದ ಹುಡುಗನೇ ಕಥೆಯ ಅಪರಾಧಿಯಾಗುವುದು ಹೀಗೆ. ಖಳನಾಯಕ ಬೇಕಿಲ್ಲ.

ಹೊಟ್ಟೆನೋವಿನ ದೃಶ್ಯವನ್ನು ಅವಸರದಲ್ಲಿ ಮುಗಿಸಬೇಡಿ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಮಲಗುತ್ತದೆ, ಏಳುತ್ತದೆ, ಹೊರಳುತ್ತದೆ. ಹುಡುಗಿ ಮೊದಲು ಮುಂದಿರುವ ಕಣಕಿ ಮೇವು ತೆಗೆಯಬೇಕು. ಆಮೇಲೆ ಪಕ್ಕೆಗೆ ಕಿವಿ ಹಚ್ಚಬೇಕು. ಆರೋಗ್ಯದ ಕುದುರೆಯ ಹೊಟ್ಟೆಯಲ್ಲಿ ಗುಡುಗುಡು ಸದ್ದು ಇದ್ದೇ ಇರುತ್ತದೆ. “ಯಜ್ಜಾ, ಹೊಟ್ಟ್ಯಾಗ ಸಪ್ಪಳನ ಇಲ್ಲ!” ಅನ್ನುವ ಒಂದು ಸಾಲಿಗೆ ಎರಡು ಪುಟದ ವರ್ಣನೆಗಿಂತ ಬಲ ಹೆಚ್ಚು. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಲಿ: ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44 ಸರಿ, 60 ದಾಟಿದರೆ ಡಾಕ್ಟರರನ್ನು ಕರೆಯುವುದರಲ್ಲಿ ತಡ ಮಾಡುವಂತಿಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಎಣ್ಣೆ ತುಂಬಿದ ಬಿದಿರಿನ ಗೊಟ್ಟ ಹಿಡಿದು ಬರುತ್ತಾರೆ, ಬಂದೇ ಬರುತ್ತಾರೆ. ದನಕ್ಕೆ ಕುಡಿಸಿದ ರೂಢಿ ಅದು. ನೋವಿನಲ್ಲಿರುವ ಕುದುರೆಯ ಬಾಯಿಗೆ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ದೊಡ್ಡ ಕಂಟಕ. ಹಿರಿಯರ ಕೈ ತಡೆಯಬೇಕಾದ ಮಗುವಿನ ಸಂಕಟ ನಿಮ್ಮ ಕಥೆಯದ್ದು.

ಸಣ್ಣ ತಪ್ಪುಗಳನ್ನೂ ತಿದ್ದಿಕೊಳ್ಳಿ. ಕುದುರೆಗೆ ತನ್ನ ಮೂತಿಯ ಕೆಳಗಿನದು ಕಾಣುವುದಿಲ್ಲ. ಬೆಲ್ಲವನ್ನು ತುಟಿಯಿಂದಲೇ ತಡಕುತ್ತದೆ. ಆದ್ದರಿಂದ ಬೆರಳು ಮಡಚದೆ ಅಂಗೈ ಚಪ್ಪಟೆಯಾಗಿ ಹಿಡಿಯಬೇಕು. ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು.

ಕಥೆ ಉದ್ದವಾಗಬೇಕಿದ್ದರೆ ಮೊಳೆಯೊಂದನ್ನು ಚುಚ್ಚಿಸಿ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಲಸಿಕೆ ಹಾಕಿಸಿರುವುದಿಲ್ಲ, ಗಾಯ ಮುಚ್ಚಿಕೊಳ್ಳುತ್ತದೆ, ಕುಂಟು ನಿಲ್ಲುತ್ತದೆ, ಎಲ್ಲರೂ ಮರೆಯುತ್ತಾರೆ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕುದುರೆ ಮರದ ಕುದುರೆಯಂತೆ ಕಾಲು ಸೆಟೆಸಿ ನಿಂತಿರುತ್ತದೆ, ಕಿವಿ ನೆಟ್ಟಗೆ, ಬಾಲ ತುಸು ಎತ್ತಿಕೊಂಡು. ಹುಡುಗಿ ಗದ್ದ ಎತ್ತಿ ನೋಡುತ್ತಾಳೆ: ಕಣ್ಣಿನ ಒಳಮೂಲೆಯಿಂದ ತೆಳ್ಳನೆ ಪೊರೆಯೊಂದು ಸರಕ್ಕನೆ ಕಣ್ಣಿನ ಮೇಲೆ ಹರಿಯುತ್ತದೆ.