ಪಂಕ್ಚರ್ ಹಾಕಲು ಕಲಿತ ಶನಿವಾರ

ಜೂನ್ ತಿಂಗಳ ಒಂದು ಶನಿವಾರ, ಸಂಜೆ ಏಳು ಗಂಟೆ. ಮಗಳು ಸೈಕಲ್ ತಳ್ಳಿಕೊಂಡು ಮನೆಗೆ ಬಂದಳು. ಮುಖ ಸಣ್ಣದಾಗಿತ್ತು. ಹಿಂದಿನ ಚಕ್ರದಲ್ಲಿ ಒಂದು ಚೂರೂ ಗಾಳಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳಿಗೆ ಸೈಕಲ್ ಪರೀಕ್ಷೆ. ಇಲ್ಲಿ ಜರ್ಮನಿಯಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ರಸ್ತೆಯಲ್ಲಿ ಸೈಕಲ್ ಬಿಡುವುದನ್ನು ಪೊಲೀಸರೇ ಕಲಿಸುತ್ತಾರೆ. ಕೈ ತೋರಿಸಿ ತಿರುಗುವುದು, ತಿರುಗುವ ಮೊದಲು ಹಿಂದೆ ನೋಡುವುದು, ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದು. ಅದೆಲ್ಲ ಅವಳಿಗೆ ಬಾಯಿಪಾಠ. ಆದರೆ ಚಕ್ರದಲ್ಲಿ ಗಾಳಿಯೇ ಇಲ್ಲ. ಭಾನುವಾರ ಇಲ್ಲಿ ಅಂಗಡಿ ತೆರೆಯುವುದಿಲ್ಲ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಅವರು ಇದ್ದಿದ್ದರೂ ಉಪಯೋಗವಿರಲಿಲ್ಲ, ಅವರಿಗೂ ಪಂಕ್ಚರ್ ಹಾಕಲು ಬರುವುದಿಲ್ಲ.

ಕೆಳಗಿನ ಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಅವರಿಗೆ 76 ವರ್ಷ. ಒಬ್ಬರೇ ಇರುವುದು. ನೆಲಮಾಳಿಗೆಯಲ್ಲಿ ಅವರದ್ದೊಂದು ಮರದ ಮೇಜು ಉಂಟು, ಅದರ ಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲ ಸಾಲಾಗಿ ತೂಗುಹಾಕಿರುತ್ತಾರೆ. ಅವರು ತಮ್ಮ ಸೈಕಲ್ ರಿಪೇರಿ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. "ಸ್ವಲ್ಪ ಇದೊಂದು ಮಾಡಿಕೊಡ್ತೀರಾ?" ಅಂತ ಕೇಳಿದೆ.

ಅವರು ಸೈಕಲ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಾನು ಮಾಡಿಕೊಟ್ಟರೆ ಸೈಕಲ್ ಸರಿಯಾಗ್ತದೆ. ನೀವು ಹೀಗೆಯೇ ಇರ್ತೀರಿ" ಅಂದರು.

ನನಗೆ ತುಂಬ ಚುಚ್ಚಿತು. ಊರಿನಲ್ಲಿ ಯಾರಾದರೂ ಹೀಗೆ ಹೇಳುತ್ತಾರಾ? ಒಂದು ಮಗು ಅಳುಮುಖ ಮಾಡಿಕೊಂಡು ನಿಂತಿದೆ, ಒಂದು ಸಣ್ಣ ಸಹಾಯ ಕೇಳಿದ್ದೇನೆ. ಕಾಸರಗೋಡಿನ ನಮ್ಮ ಪೆರ್ಲದ ಕಡೆಯಾಗಿದ್ದರೆ ಪಕ್ಕದ ಮನೆಯವರು ಮೊದಲು ಕೆಲಸ ಮಾಡಿಕೊಟ್ಟು, ಕಾಪಿ ಕುಡಿಸಿ, ಆಮೇಲೆ ಮಾತಾಡುತ್ತಿದ್ದರು. ನಾನು ವಾಪಸ್ ಹೋಗಲು ತಿರುಗಿದ್ದೆ. ಅಷ್ಟರಲ್ಲಿ ಅವರು ಒಳಗಿಂದ ಒಂದು ಬಕೆಟ್ ನೀರು, ಒಂದು ಸಣ್ಣ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ತಾವು ಮೆಟ್ಟಿಲ ಮೇಲೆ ಕೂತರು. "ಕೈ ನಿಮ್ಮದು, ಬಾಯಿ ನನ್ನದು. ಶುರು ಮಾಡಿ."

ಡಬ್ಬಿಯಲ್ಲಿ ಮೂರು ಪ್ಲಾಸ್ಟಿಕ್ ಪಟ್ಟಿಗಳಿದ್ದವು. ತುದಿ ಸ್ವಲ್ಪ ಕೊಕ್ಕೆಯ ಹಾಗೆ. ಒಂದನ್ನು ಟಯರಿನ ಅಂಚಿನೊಳಗೆ ತೂರಿಸಿ ಎಬ್ಬಿಸಬೇಕು, ಹತ್ತು ಸೆಂಟಿಮೀಟರ್ ಆಚೆ ಇನ್ನೊಂದು. ಮೊದಲ ಸಲ ಪಟ್ಟಿ ಜಾರಿ ನನ್ನ ಬೆರಳಿಗೆ ಬಡಿಯಿತು. ಅವರು ಎದ್ದು ಬರಲಿಲ್ಲ. "ಇನ್ನೊಮ್ಮೆ" ಅಂದರು ಅಷ್ಟೇ. ಮೂರನೇ ಸಲಕ್ಕೆ ಅಂಚು ಹೊರಗೆ ಬಂತು. ಟ್ಯೂಬ್ ಹೊರಗೆ ಎಳೆದು, ಸ್ವಲ್ಪ ಗಾಳಿ ಹಾಕಿ, ಬಕೆಟ್ಟಿನಲ್ಲಿ ಮುಳುಗಿಸಿ ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಏನೂ ಇಲ್ಲ, ಏನೂ ಇಲ್ಲ. ಆಮೇಲೆ ಒಂದು ಕಡೆಯಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಮೇಲೆ ಬಂತು. ಮಗಳು ಕಿರುಚಿದಳು. ನಾನೂ ಕಿರುಚಿದೆ.

ಒರೆಸಿ, ಉಪ್ಪುಕಾಗದದಿಂದ ತಿಕ್ಕಿ, ಸೊಲ್ಯೂಶನ್ ತೆಳುವಾಗಿ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸಲು ಹೋದೆ. ಅಜ್ಜಿ ತಡೆದರು. ಐದು ನಿಮಿಷ ಕಾಯಬೇಕಂತೆ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಪ್ಯಾಚ್ ಹಿಡಿಯುವುದು. ಆ ಐದು ನಿಮಿಷದಲ್ಲಿ ಟಯರಿನ ಒಳಗೆ ಬೆರಳಾಡಿಸಿ ನೋಡಲು ಹೇಳಿದರು. ಅಕ್ಕಿಕಾಳಿನಷ್ಟು ಗಾಜಿನ ಚೂರು ಸಿಕ್ಕಿತು. ಅದು ಅಲ್ಲೇ ಉಳಿದಿದ್ದರೆ ನಾನು ಎಷ್ಟು ಪ್ಯಾಚ್ ಹಾಕಿದರೂ ಗಾಳಿ ಮತ್ತೆ ಹೋಗುತ್ತಿತ್ತು.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ಹನ್ನೆರಡು ವರ್ಷದಿಂದ ಇಲ್ಲಿ ದೊಡ್ಡ ದೊಡ್ಡ ಯಂತ್ರಗಳ ಲೆಕ್ಕಾಚಾರ ಮಾಡುತ್ತೇನೆ. ನನ್ನ 41ನೇ ವಯಸ್ಸಿನಲ್ಲಿ, ಮೊದಲ ಸಲ, ಒಂದು ಸೈಕಲ್ ಚಕ್ರದ ಒಳಗೆ ಕೈ ಹಾಕಿದ್ದೆ.

ರಾತ್ರಿ ಮಲಗಿದ ಮೇಲೆ ನೆನಪಾದದ್ದು ಪೇಟೆಯ ಸೈಕಲ್ ಅಂಗಡಿ. ಅಪ್ಪ ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಂಗಡಿಯ ಮುಂದೆ ಒಂದು ಅಗಲದ ಬಾಣಲೆಯಲ್ಲಿ ಕಪ್ಪು ನೀರು. ಅದೇ ಗುಳ್ಳೆಗಳು. ನಾನು ಬಗ್ಗಿ ನೋಡುತ್ತಿದ್ದೆ, ಮುಟ್ಟಲು ಕೈ ಚಾಚುತ್ತಿದ್ದೆ. "ಮುಟ್ಬೇಡ, ಕೈ ಕಪ್ಪಾಗ್ತದೆ" ಅಂತ ಅಪ್ಪ ಹಿಂದೆ ಎಳೆಯುತ್ತಿದ್ದರು. ಅಪ್ಪನದು ಪ್ರೀತಿಯೇ. ಆದರೆ ಆ ಪ್ರೀತಿಯಿಂದ ನನ್ನ ಕೈಗೆ ಏನು ಬಂತು ಅಂತ ಈಗ ಯೋಚನೆಯಾಗುತ್ತದೆ.

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದು ಉತ್ತರ ಇತ್ತು. "ಜನ ಬರ್ತಾರೆ." ಅಡಿಕೆ ಕೊಯ್ಯಲು ಜನ ಬರುತ್ತಾರೆ, ಮದ್ದು ಬಿಡಲು ಜನ ಬರುತ್ತಾರೆ, ಪಂಪ್ ಕೆಟ್ಟರೆ ಜನ ಬರುತ್ತಾರೆ. "ನೀನು ಓದು, ಅದಕ್ಕೆಲ್ಲ ಜನ ಇದ್ದಾರೆ." ಅಜ್ಜ ಹಾಗಿರಲಿಲ್ಲ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಅಗೆದ ಒಂದು ಸುರಂಗ ಉಂಟು, ಕೆಲಸದವರ ಜೊತೆ ಅಜ್ಜನೂ ಅದರೊಳಗೆ ಹೋಗಿ ಅಗೆದಿದ್ದಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಜಾಗ. ಪಕ್ಕದಲ್ಲಿ ಒಂದು ಕ್ಯಾಂಡಲ್ ಹಚ್ಚಿಡಬೇಕು. ಅದು ಆರಿದರೆ ಒಳಗೆ ಉಸಿರಾಡುವ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಪಸೆ ನೋಡಿ ಇನ್ನೆಷ್ಟು ದೂರದಲ್ಲಿ ನೀರು ಅಂತ ಅಜ್ಜ ಹೇಳುತ್ತಿದ್ದರಂತೆ. ಆ ಸುರಂಗದ ನೀರು ಇವತ್ತಿಗೂ ಕರೆಂಟು, ಪಂಪು ಏನೂ ಇಲ್ಲದೆ ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ.

ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರಬಹುದು. 2022ರಲ್ಲಿ ಪದ್ಮಶ್ರೀ ಬಂತು. ಅವರ ಅಡ್ಯನಡ್ಕ ನಮಗೆ ಪಕ್ಕದ ಊರು, ಕರ್ನಾಟಕದ ಗಡಿ ದಾಟಿದರೆ ಆಯಿತು. ಹಗಲು ಬೇರೆಯವರ ತೋಟದಲ್ಲಿ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡ ಅಗೆದವರು. ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಆದರೂ ಬಿಡಲಿಲ್ಲ. ಕೊನೆಗೆ ನೀರು ಸಿಕ್ಕಿ, ಬೋಳುಗುಡ್ಡ ತೋಟವಾಯಿತು. ಆ ಪ್ರಶಸ್ತಿಯ ಸುದ್ದಿ ನಾವೆಲ್ಲ ಹೆಮ್ಮೆಯಿಂದ ಹಂಚಿಕೊಂಡೆವು. ನಾನೂ ಹಂಚಿಕೊಂಡೆ. ಆದರೆ ನಮ್ಮ ಮಕ್ಕಳಿಗೆ ಹಾರೆ ಹಿಡಿಯಲು ಕಲಿಸಿದವರು ಎಷ್ಟು ಜನ?

ಭಾನುವಾರ ಬೆಳಿಗ್ಗೆ ಡಬ್ಬಿ ವಾಪಸ್ ಕೊಡಲು ಹೋದಾಗ ಅಜ್ಜಿ ಒಳಗೆ ಕರೆದು ಕಾಪಿ ಕೊಟ್ಟರು. ಆಗ ಅವರ ಕಥೆ ಗೊತ್ತಾಯಿತು. ಗಂಡ ಬಡಗಿ. ಮನೆಯ ಪ್ರತಿಯೊಂದು ಕೆಲಸ ಅವರದೇ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಮಣ್ಣು ಮಾಡಿ ಬಂದ ವಾರವೇ ಮನೆಯ ದೀಪ ಹೋಯಿತು. "ನೆಲಮಾಳಿಗೆಯ ಕತ್ತಲಲ್ಲಿ ನಿಂತಿದ್ದೆ. ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ನಲವತ್ತು ವರ್ಷ ಆ ಮನೆಯಲ್ಲಿದ್ದೆ." ಅಷ್ಟು ಹೇಳಿ ಸುಮ್ಮನಾದರು. ಶನಿವಾರ ನನಗೆ ಅಷ್ಟು ಕಟುವಾಗಿ ಕೇಳಿಸಿದ ಮಾತು ಎಲ್ಲಿಂದ ಬಂದದ್ದು ಅಂತ ಆಗ ತಿಳಿಯಿತು.

ಮಾರನೇ ತಿಂಗಳೇ ಅವರು ಊರಿನ ಫೋಲ್ಕ್ಸ್‌ಹೋಖ್‌ಶೂಲೆಗೆ ಹೆಸರು ಕೊಟ್ಟರಂತೆ. ದೊಡ್ಡವರಿಗಾಗಿ ಇರುವ ಶಾಲೆ ಅದು, ಇಲ್ಲಿ ಸಾಧಾರಣ ಎಲ್ಲ ಪಟ್ಟಣಗಳಲ್ಲೂ ಉಂಟು. ಇಂಥ ಶಾಲೆಗಳಿಗೆ ಸರಕಾರ, ಊರಿನ ಆಡಳಿತ ಬೆಂಬಲ ಕೊಡಬೇಕು ಅಂತ ಜರ್ಮನಿಯ 1919ರ ಸಂವಿಧಾನದಲ್ಲೇ ಬರೆದಿದ್ದರು. ಭಾಷೆ, ಹೊಲಿಗೆ, ಅಡುಗೆ, ಕಂಪ್ಯೂಟರ್, ಮನೆ ರಿಪೇರಿ ಎಲ್ಲ ಕಲಿಸುತ್ತಾರೆ. ವಯಸ್ಸು ಯಾರೂ ಕೇಳುವುದಿಲ್ಲ. ಅಜ್ಜಿ ಮೊದಲ ವರ್ಷ ಮನೆ ರಿಪೇರಿ ಕಲಿತರು, ಆಮೇಲೆ ಸೈಕಲ್. ಈಗ ತೆರಿಗೆಯ ಫಾರಂ ಕಂಪ್ಯೂಟರಿನಲ್ಲಿ ತುಂಬಲು ಕಲಿಯುತ್ತಿದ್ದಾರೆ.

ಇದನ್ನೆಲ್ಲ ಕೇಳುವಾಗ ನನಗೆ ಅಮ್ಮನದ್ದೇ ನೆನಪು.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅಡಿಕೆಗೆ ಮದ್ದು ಬಿಡುವ ಕಾಲಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮದ್ದು, ಕಲಸುವುದು ಯಾವಾಗಲೂ ಅಪ್ಪನೇ. ಯಾರಿಗೂ ಕಲಿಸಿರಲಿಲ್ಲ. ಕಲಿಸಬೇಕು ಅಂತ ಅವರಿಗೆ ಅನಿಸಿರಲೂ ಇಲ್ಲ, ಕೇಳಬೇಕು ಅಂತ ನಮಗೂ ಅನಿಸಿರಲಿಲ್ಲ. ಅವರಿಲ್ಲದ ಮೊದಲ ಮಳೆಗಾಲ ಅಮ್ಮ ಒಬ್ಬರಿಗೆ ಹೇಳಿ ಕಾದರು. ಇವತ್ತು ಬರ್ತೇನೆ, ನಾಳೆ ಬರ್ತೇನೆ. ಮಳೆ ಹಿಡಿಯಿತು. ಕೊಳೆರೋಗ ಬಂದು ಹಸಿರು ಕಾಯಿಗಳು ಉದುರಿ ತೋಟದ ತುಂಬ ಬಿದ್ದವು. ಫೋನಿನಲ್ಲಿ ಅಮ್ಮ ಅತ್ತದ್ದು ನಷ್ಟಕ್ಕೆ ಅಂತ ಆವತ್ತು ಅಂದುಕೊಂಡಿದ್ದೆ. ಜಾಸ್ತಿ ನೋವಾಗಿದ್ದು ಕಾಯಬೇಕಾಗಿ ಬಂದದ್ದಕ್ಕೆ ಅಂತ ಈಗ ಅನಿಸುತ್ತದೆ.

ಆಗ ಅವರಿಗೆ 63. ತೋಟಕ್ಕೆ ತೆಂಗಿನಕಾಯಿ ಕೊಯ್ಯಲು ಬರುವ ಒಬ್ಬಳು ಹೆಂಗಸಿದ್ದಾಳೆ. ಮೆಷಿನ್ ಕಟ್ಟಿಕೊಂಡು ಮರ ಹತ್ತುತ್ತಾಳೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ "ತೆಂಗಿನ ಮರದ ಗೆಳೆಯರು" ಅಂತ ಒಂದು ತರಬೇತಿ ಶುರು ಮಾಡಿತ್ತು. ಮರ ಹತ್ತುವವರೇ ಸಿಗದ ಕಾಲ ಅದು. ಆ ಮೇಲೆ ಗಂಡಸರ ಜೊತೆ ಹೆಂಗಸರೂ ಕಲಿತರು, ಅವರಲ್ಲಿ ಇವಳೂ ಒಬ್ಬಳು. "ನಾನು ಎರಡು ಮಕ್ಕಳ ತಾಯಿ ಆದ ಮೇಲೆ ಮರ ಹತ್ಲಿಕ್ಕೆ ಕಲ್ತದ್ದು ಅಕ್ಕ, ನಿಮಗೆ ನೆಲದಲ್ಲಿ ನಿಂತು ಮದ್ದು ಕಲಸ್ಲಿಕ್ಕೆ ಎಂತ ಕಷ್ಟ?" ಅಂದಳಂತೆ. ಅಮ್ಮ ಪಕ್ಕದ ತೋಟದವರ ಹತ್ತಿರ ಹೋಗಿ ನಿಂತು ನೋಡಿ ಕಲಿತರು.

ಆಮೇಲೆ ನಿಲ್ಲಲೇ ಇಲ್ಲ. ಫ್ಯೂಸ್ ಕಟ್ಟಲು ಕಲಿತರು. ಮಲೆಯಾಳ ಓದಲು ಕಲಿತರು. ಇದು ಹೊರಗಿನವರಿಗೆ ಸಣ್ಣ ವಿಷಯ ಅನಿಸಬಹುದು, ಕಾಸರಗೋಡಿನವರಿಗೆ ಗೊತ್ತು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಅಮ್ಮ ಕನ್ನಡ ಮೀಡಿಯಮ್ಮಿನಲ್ಲಿ ಕಲಿತವರು. ಮಲೆಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಒಂದು ಕಚೇರಿಯಲ್ಲಿ ಅರ್ಜಿ ಕೈಗೆ ಕೊಟ್ಟು "ಓದಿ ಸೈನ್ ಹಾಕಿ" ಅಂದರಂತೆ. ಓದಲು ಬರುವುದಿಲ್ಲ ಅಂದಾಗ ಅಲ್ಲಿದ್ದವರು ನಕ್ಕರಂತೆ. ನಮಗೆ ಕನ್ನಡದಲ್ಲಿ ಅರ್ಜಿ ಕೊಡುವುದು ಕಚೇರಿಯವರ ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆ ಹಕ್ಕು ನಾವು ಕೇಳುತ್ತಲೇ ಇರಬೇಕು. ಅಮ್ಮನೂ ಕೇಳುತ್ತಾರೆ. ಜೊತೆಗೆ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಯನ್ನು ಕೂರಿಸಿಕೊಂಡು ಒಂದು ಮಳೆಗಾಲ ಪೂರ್ತಿ ಅಕ್ಷರ ತಿದ್ದಿದರು. ಈಗ ನೋಟೀಸು ಬಂದರೆ ಯಾರನ್ನೂ ಕರೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ತಾವೇ ಓದುತ್ತಾರೆ, ನಿಧಾನಕ್ಕೆ, ಅಕ್ಷರ ಕೂಡಿಸಿ ಕೂಡಿಸಿ.

ಬೆಂಗಳೂರಿನಲ್ಲಿರುವ ನನ್ನ ಅಣ್ಣನಿಗೆ ಇವತ್ತಿಗೂ ಗಂಜಿ ಬೇಯಿಸಲು ಬರುವುದಿಲ್ಲ. ಅತ್ತಿಗೆ ತವರಿಗೆ ಹೋದರೆ ಹೋಟೆಲಿನ ಊಟ. ಹುಡುಗರನ್ನು ಒಲೆಯ ಹತ್ತಿರ ಬಿಡಲಿಲ್ಲ, ಹುಡುಗಿಯರನ್ನು ಪಂಪಿನ ಹತ್ತಿರ ಬಿಡಲಿಲ್ಲ. ಇಬ್ಬರಿಗೂ ಅರ್ಧರ್ಧ ಕೈ.

ಕಾಪಿ ಕುಡಿದು ಮೇಲೆ ಬಂದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಿನಲ್ಲಿ ಮಧ್ಯಾಹ್ನದ ಹೊತ್ತು. ಮಳೆ ಸ್ವಲ್ಪ ಬಿಟ್ಟಿತ್ತು. ಅಮ್ಮ ಕೊಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಬ್ಯಾರಲ್ಲಿನ ಹತ್ತಿರ ನಿಂತಿದ್ದರು. ತಲೆಗೆ ಟವೆಲ್, ಸೀರೆ ಎತ್ತಿ ಕಟ್ಟಿದ್ದರು.

"ಎಂತ ಮಾರಾಯ್ತಿ, ಈಗ ಫೋನ್ ಮಾಡಿದ್ದು? ಮದ್ದಿನ ಕೆಲಸ ಉಂಟು."

"ನಾನು ನಿನ್ನೆ ಪಂಕ್ಚರ್ ಹಾಕಿದೆ ಅಮ್ಮ."

"ನೀನಾ? ನೀನೇ?" ನಕ್ಕರು. ಆ ನಗುವಿನಲ್ಲಿ ತುಂಬ ಖುಷಿ ಇತ್ತು.

ಮಗಳು ಫೋನ್ ಕಿತ್ತುಕೊಂಡಳು. ಆ ನೀಲಿ ನೀರು ಎಂತದ್ದು ಅಂತ ಅವಳಿಗೆ ಗೊತ್ತಾಗಬೇಕು. ಅಮ್ಮ ಕೆಲಸ ನಿಲ್ಲಿಸಲಿಲ್ಲ, ಹೇಳುತ್ತಲೇ ಕಲಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು ನಿನ್ನೆ ರಾತ್ರಿಯೇ ಗೋಣಿಯ ತುಂಡಿನಲ್ಲಿ ಕಟ್ಟಿ ನೀರಿನ ಮೇಲ್ಭಾಗಕ್ಕೆ ತಾಗುವ ಹಾಗೆ ತೂಗುಹಾಕಿದ್ದರು, ಹಾಗೆ ಮಾಡಿದರೆ ಚೆನ್ನಾಗಿ ಕರಗುತ್ತದೆ. ಸುಣ್ಣದ ನೀರು ಬೇರೆ ಬ್ಯಾರಲ್ಲಿನಲ್ಲಿ. ಕಬ್ಬಿಣದ ಪಾತ್ರೆ ಆಗುವುದಿಲ್ಲ. ನೀಲಿ ನೀರನ್ನು ಬಿಳಿ ನೀರಿಗೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಾ ಹೋದರು. ತಿಳಿನೀಲಿ ಬಣ್ಣ ಬಂತು. ಸಂಜೆಯೊಳಗೆ ಬಿಟ್ಟು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಆಚೆ ಮನೆಯ ಹುಡುಗ ಉದ್ದದ ಕಾರ್ಬನ್ ಫೈಬರ್ ದೋಟಿ ಹಿಡಿದು ಕಾಯುತ್ತಿದ್ದ. ಅವನು ಮರ ಹತ್ತುವುದಿಲ್ಲ, ನೆಲದಲ್ಲೇ ನಿಂತು ಗೊನೆಗೆ ಮದ್ದು ಬಿಡುತ್ತಾನೆ. ಅದಕ್ಕೂ ತರಬೇತಿ ತಗೊಂಡಿದ್ದಾನೆ.

"ಇನ್ನು ಬಿಡಬಹುದಾ ಅಜ್ಜಿ?" ಮಗಳು ಕೇಳಿದಳು.

"ಇಲ್ಲ ಪುಟ್ಟಿ, ಪರೀಕ್ಷೆ ಉಂಟು." ಅಮ್ಮ ಸೊಂಟದಿಂದ ಒಂದು ಸಣ್ಣ ಕತ್ತಿ ತೆಗೆದರು. ಅಪ್ಪನ ಕತ್ತಿ. ಅಲಗು ಉಜ್ಜಿ ಹೊಳೆಯುವ ಹಾಗೆ ಮಾಡಿದ್ದರು. ಅದನ್ನು ಬ್ಯಾರಲ್ಲಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ತುತ್ತಿನ ಅಂಶ ಜಾಸ್ತಿ ಇದ್ದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಹಾಗೆ ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು, ಇಲ್ಲದಿದ್ದರೆ ಕಾಯಿ ಸುಟ್ಟು ಹೋಗುತ್ತದೆ.

ಕತ್ತಿ ಹೊರಗೆ ತೆಗೆದು ಫೋನಿನ ಹತ್ತಿರ ತಂದರು. ಪರದೆಯ ತುಂಬ ಒದ್ದೆ ಕತ್ತಿ.

"ನೋಡು ಪುಟ್ಟಿ, ಸರಿ ನೋಡು. ಕೆಂಪು ಉಂಟಾ?"

ಮಗಳು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ, ಟ್ಯೂಬಿನಲ್ಲಿ ಗುಳ್ಳೆ ಹುಡುಕಿದ ಹಾಗೆಯೇ.

"ಇಲ್ಲ ಅಜ್ಜಿ. ಒಂಚೂರೂ ಇಲ್ಲ."

"ಹಾಗಾದ್ರೆ ಬಿಡು ಮಗ" ಅಂತ ಅಮ್ಮ ಹುಡುಗನಿಗೆ ಕೂಗಿದರು.