ಕುದುರೆ ಮಲಗಿದರೆ ಅದು ಒಳ್ಳೆ ಜಾಗ

ಡಿಸೆಂಬರ್ ಬಂತು ಅಂದ್ರೆ ಗೆಳೆಯರು ಕೇಳುವುದು ಒಂದೇ: ಟೆಂಟ್ ಯಾವುದು, ಎಲ್ಲಿ ತಗೊಂಡೆ? ಟೆಂಟ್ ಯಾವುದಾದರೂ ನಡೆಯುತ್ತದೆ. ಕುದುರೆ ಜೊತೆ ಹೊರಗೆ ರಾತ್ರಿ ಕಳೆಯಬೇಕು ಅಂದರೆ ಮೊದಲು ನೋಡಬೇಕಾದದ್ದು ಅದನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದನ್ನು. ನಮ್ಮ ಹಾಸಿಗೆ ಆಮೇಲೆ.

ನನ್ನ ಹತ್ತಿರ ಎರಡು ಹೆಣ್ಣು ಕುದುರೆಗಳಿವೆ, ರಾಣಿ ಮತ್ತು ಕಸ್ತೂರಿ. ಒಂದನ್ನೇ ಕರೆದುಕೊಂಡು ನಾನು ಯಾವತ್ತೂ ಹೋಗುವುದಿಲ್ಲ. ಕುದುರೆ ನಿಂತೇ ತೂಕಡಿಸುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಗಾಢ ನಿದ್ದೆಗೆ ಅದು ನೆಲದ ಮೇಲೆ ಮಲಗಲೇಬೇಕು. ಅಂಜಿಕೆ ಇದ್ದರೆ ಮಲಗುವುದಿಲ್ಲ. ಇನ್ನೊಂದು ಪಕ್ಕದಲ್ಲಿದ್ದರೆ ಒಂದು ಕಾಯುತ್ತದೆ, ಒಂದು ಮಲಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನಾನು ಅವುಗಳ ಮೈ ನೋಡುತ್ತೇನೆ. ಪಕ್ಕೆಗೆ ಮಣ್ಣು, ಬಾಲಕ್ಕೆ ಹುಲ್ಲುಕಡ್ಡಿ ಅಂಟಿದ್ದರೆ ಜಾಗ ಅವಕ್ಕೆ ಒಪ್ಪಿದೆ ಅಂತ ಅರ್ಥ.

ನಾವು ಹೋಗುವುದು ಜಾಸ್ತಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ. ಚಂದ್ರಂಪಳ್ಳಿ ಕೆರೆ, ಕುಂಚಾವರಂ ಕಾಡು, ಕೆಳಗೆ ಮುಲ್ಲಾಮಾರಿ ಹೊಳೆ. 2011ರಲ್ಲಿ ಇಲ್ಲಿ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮ ಮಾಡಿದರು. ತೋಳ, ಕತ್ತೆಕಿರುಬ ಇರುವ ಕಾಡು ಇದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬಾರದು, ಅದು ಸರಿಯಾಗಿಯೇ ಇದೆ. ನಾವು ಕಾಡಿನ ಹೊರಗಿನ ಬಂಡಿದಾರಿಯಲ್ಲಿ ಸವಾರಿ ಮಾಡಿ, ಪರಿಚಯದ ರೈತರ ಹೊಲದಲ್ಲಿ ಉಳಿಯುತ್ತೇವೆ. ತೊಗರಿ ರಾಶಿ ಆಗುವ ಹೊತ್ತು ಅದು. ಹಗಲು ಹಿತವಾದ ಬಿಸಿಲು, ರಾತ್ರಿ ಕಂಬಳಿ ಬೇಕೇ ಬೇಕು.

ನೀರು ಕಂಡರೆ ದಂಡೆಯಲ್ಲೇ ಬೀಡು ಬಿಡಬೇಕು ಅನಿಸುತ್ತದೆ, ಅಲ್ವಾ? ಬೇಡ. ಕುರಿ ಮೇಯಿಸುತ್ತಾ, ಕುದುರೆ ಮೇಲೆ ಸಾಮಾನು ಹೇರಿಕೊಂಡು ಊರೂರು ತಿರುಗುವ ಒಬ್ಬ ಹಿರಿಯರು ಇದನ್ನು ನನಗೆ ಚೆನ್ನಾಗಿ ಹೇಳಿಕೊಟ್ಟರು. "ದಂಡಿಗಿ ಕಟ್ಟಬ್ಯಾಡ್ರಿ. ನೀರು ಕುಡಿಸ್ರಿ, ಮ್ಯಾಲ ಬರ್ರಿ. ಅಲ್ಲಿ ನೊಣ ಜೀವ ತಿಂತಾವ." ಕುದುರೆಯನ್ನು ಕಚ್ಚುವ ದೊಡ್ಡ ನೊಣ ನೀರಿನ ಹತ್ತಿರ, ಹಸಿ ನೆಲದಲ್ಲೇ ಹುಟ್ಟುವುದು. ಸರ್ರಾ ಅನ್ನುವ ರಕ್ತದ ರೋಗವನ್ನು ಹರಡುವುದೂ ಅದೇ. ಇನ್ನೊಂದು ವಿಷಯ, ನಮ್ಮ ಲದ್ದಿ, ಗಂಜಲ ಹೊಳೆಗೆ ಸೇರಬಾರದು. ಕೆಳಗಿನ ಊರಿನವರು ಅದೇ ನೀರಿಗೆ ಬರುತ್ತಾರೆ. ಅರವತ್ತು ಎಪ್ಪತ್ತು ಹೆಜ್ಜೆಯಾದರೂ ಮೇಲೆ, ಒಣ ನೆಲದಲ್ಲಿ ಇರಬೇಕು. ಎರಿ ಮಣ್ಣು ಹಸಿ ಇದ್ದರೆ ಗೊರಸಿನ ಒಳಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಅದರೊಳಗೆ ಒಂದು ಹರಳು ಸಿಕ್ಕಿಕೊಂಡರೆ ಮರುದಿನ ಕುದುರೆ ಕುಂಟುತ್ತದೆ.

ನೀರು ಕುಡಿಸುವಾಗ ಅವಸರ ಮಾಡಬೇಡಿ. ಒಂದು ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ಬೇಕು. ಕಸ್ತೂರಿ ಕುಡಿಯುವಾಗ ನಾನು ಅವಳ ಕಿವಿ ನೋಡುತ್ತೇನೆ. ಒಂದೊಂದು ಗುಟುಕಿಗೂ ಎರಡೂ ಕಿವಿ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ. ಕಿವಿ ನಿಂತರೆ ಸಾಕಾಯಿತು ಅಂತ. ಕೆಲವೊಮ್ಮೆ ತಲೆ ಎತ್ತಿ ಆ ದಂಡೆ ನೋಡಿ ಮತ್ತೆ ಶುರು ಮಾಡುತ್ತಾಳೆ. ಅಲ್ಲಿಯವರೆಗೆ ಹಗ್ಗ ಎಳೆಯಬಾರದು.

ಕಟ್ಟುವುದು ಹೀಗೆ. ಎರಡು ಗಟ್ಟಿ ಮರ ನೋಡಿ, ತೊಗಟೆಗೆ ಪೆಟ್ಟಾಗದಂತೆ ಹಳೆ ಗೋಣಿಚೀಲ ಸುತ್ತಿ, ಕುದುರೆಯ ತಲೆಗಿಂತ ಎತ್ತರದಲ್ಲಿ ಒಂದು ಹಗ್ಗ ಬಿಗಿಯಾಗಿ ಎಳೆಯಬೇಕು. ಕುದುರೆಯ ಹಗ್ಗವನ್ನು ಅದಕ್ಕೆ ಇಳಿಬಿಡಬೇಕು. ಮೂತಿ ನೆಲ ಮುಟ್ಟುವಷ್ಟು ಉದ್ದ ಇದ್ದರೆ ಸಾಕು, ಮಲಗುವುದಕ್ಕೂ ಆಗುತ್ತದೆ. ಜಾಸ್ತಿ ಬಿಟ್ಟರೆ ಕಾಲು ಸಿಕ್ಕಿಕೊಳ್ಳುತ್ತದೆ. ಒಂದೇ ಮರದ ಬುಡಕ್ಕೆ ಕಟ್ಟಿದರೆ ರಾತ್ರಿಯೆಲ್ಲ ಬೇರು ಕೆದರುತ್ತದೆ, ತೊಗಟೆ ಕಡಿಯುತ್ತದೆ. ಜಾಗ ಕೊಟ್ಟ ರೈತನ ಬೇವಿನ ಮರಕ್ಕೆ ಹಾಗೆ ಮಾಡುವುದು ನನಗಂತೂ ಒಪ್ಪುವುದಿಲ್ಲ.

ಮೇವು ಮನೆಯಿಂದಲೇ ಒಯ್ಯಿರಿ. ಒಣ ಹುಲ್ಲು ಜಾಸ್ತಿ, ನೆನೆಸಿದ ಹುರಳಿ ಸ್ವಲ್ಪ. ಕುದುರೆ ವಾಂತಿ ಮಾಡಲಾರದು, ಹೊಟ್ಟೆಯೂ ಸಣ್ಣದು. ತಿಂದದ್ದು ಕೆಟ್ಟರೆ ಒಳಗೇ ಉಳಿದು ಹೊಟ್ಟೆನೋವು ಬರುತ್ತದೆ, ಅದರಿಂದ ಜೀವವೇ ಹೋಗಬಹುದು. ದಾರಿಯ ಎರಡೂ ಕಡೆ ಹಿಂಗಾರಿ ಜೋಳ ನಿಂತಿರುತ್ತದೆ, ಬಾಯಿ ಹಾಕಲು ಬಿಡಬೇಡಿ. ಅದು ರೈತನ ಬೆಳೆ. ಜೊತೆಗೆ ಎಳೆ ಜೋಳದಲ್ಲಿ, ನೀರಿಲ್ಲದೆ ಬಾಡಿದ ಜೋಳದಲ್ಲಿ ವಿಷ ಇರುತ್ತದೆ. ದನ ಕಾಯುವವರಿಗೆಲ್ಲ ಗೊತ್ತಿರುವ ಮಾತು. ಬದುವಿನ ಕಣಗಿಲೆ ಗಿಡವೂ ಅಷ್ಟೇ ಅಪಾಯ.

ಜೀನು ತೆಗೆದ ಕೂಡಲೇ ಬೆನ್ನಿನ ಮೇಲೆ ಅಂಗೈ ಆಡಿಸಿ. ಎಲ್ಲಾದರೂ ಒಂದು ಕಡೆ ಮಾತ್ರ ಬಿಸಿ ಹತ್ತಿದರೆ, ಅಥವಾ ಮುಟ್ಟಿದಾಗ ಚರ್ಮ ಅದುರಿದರೆ, ಮರುದಿನ ಸವಾರಿ ಬೇಡ, ಪಕ್ಕದಲ್ಲಿ ನಡೆದೇ ಬನ್ನಿ. ಹೊರಡುವ ಮುಂಚೆ ಲದ್ದಿಯನ್ನು ಹೊಲದ ತುಂಬ ಚೆದುರಿಸಿಬಿಡುತ್ತೇವೆ. ರೈತರಿಗೆ ಅದೇ ಗೊಬ್ಬರ, ಮುಂದಿನ ಸಲವೂ ಬರ್ರಿ ಅನ್ನುತ್ತಾರೆ.

ಜನವರಿಯಲ್ಲಿ ಬೀದರ್ ಕಡೆ, ಕಾರಂಜಾ ಹಿನ್ನೀರಿನ ಹತ್ತಿರ ಹೋಗುವ ಯೋಚನೆ ಇದೆ. ಆ ಕಡೆ ಹೊಲದಲ್ಲಿ ಒಂದು ರಾತ್ರಿ ಇರಲು ಬಿಡುವವರು ಗೊತ್ತಿದ್ದರೆ ಹೇಳಿ. ಒಣ ನೆಲ, ಎರಡು ಮರ, ಇಷ್ಟಿದ್ದರೆ ಸಾಕು.