ಅಮ್ಮನ ಹಾಲಿನ ಪಾಸ್‌ಬುಕ್

ಇವತ್ತು ವಕೀಲರು ಅಮ್ಮನ ಆದಾಯಕ್ಕೆ ದಾಖಲೆ ಕೇಳಿದರು. ಹಾಲಿನ ಡೈರಿ ಪಾಸ್‌ಬುಕ್ ಕೊಟ್ಟೆ.

ಕೊನೆಯ ಪುಟ. ಬೆಳಗ್ಗೆ 4.5 ಲೀಟರ್. ಸಂಜೆಯ ಕಾಲಂ ಖಾಲಿ. ಲಾರಿ ಗುದ್ದಿದ್ದು ಆ ಮಧ್ಯಾಹ್ನ.

ಅಪಘಾತ ಪರಿಹಾರಕ್ಕೆ ಒಂದು ಲೆಕ್ಕವಿದೆ. ವರ್ಷದ ಆದಾಯದಲ್ಲಿ ಸತ್ತವರ ಸ್ವಂತ ಖರ್ಚು ಅಂತ, ನಮ್ಮಂಥ ಚಿಕ್ಕ ಕುಟುಂಬವಾದರೆ, ಮೂರನೇ ಒಂದು ಭಾಗ ಕಳೆಯುತ್ತಾರೆ. ಉಳಿದದ್ದನ್ನು ವಯಸ್ಸು ನೋಡಿ ಗುಣಿಸುತ್ತಾರೆ. ಅಮ್ಮನಿಗೆ 48, ಹಾಗಾಗಿ 13ರಿಂದ. ಸುಪ್ರೀಂ ಕೋರ್ಟ್ 2009ರಲ್ಲಿ ಹಾಕಿಕೊಟ್ಟ ಪಟ್ಟಿ.

ಮೂರನೇ ಒಂದು ಭಾಗ!

ಅಮ್ಮ ತನಗೆ ಅಂತ ಅಷ್ಟು ಯಾವತ್ತು ಖರ್ಚು ಮಾಡಿದ್ದಳು? ಹಬ್ಬಕ್ಕೆ ಸೀರೆ ತಗೋ ಅಂದರೂ "ಮುಂದಿನ ಬಟವಾಡೆ ಆಗ್ಲಿ ತಡಿ" ಅಂತಿದ್ದಳು. ಆ ಬಟವಾಡೆ ನನ್ನ ಕಾಲೇಜು ಫೀಸಿಗೆ ಹೋಗುತ್ತಿತ್ತು.

ಅಡುಗೆ, ಕೊಟ್ಟಿಗೆ, ಅಜ್ಜಿಯ ಆರೈಕೆ ಯಾವ ಪಾಸ್‌ಬುಕ್‌ನಲ್ಲೂ ಇಲ್ಲ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೂ ಅರ್ಜಿಯಲ್ಲಿ ಬರೆಸಿದೆ.

"ಸಾವಿನ ದುಡ್ಡು ಯಾಕಪ್ಪಾ" ಅಂತ ಕೆಲವು ನೆಂಟರು ಕೇಳ್ತಾರೆ. ಅಮ್ಮ ದುಡಿದಿದ್ದಳು ಅಂತ ಒಂದು ಕೋರ್ಟು ಬರೆದು ಕೊಡಲಿ, ನನಗೆ ಅದು ಬೇಕು.

ಜೆರಾಕ್ಸ್ ಮಾಡಿಸಿ ಪಾಸ್‌ಬುಕ್ ವಾಪಸ್ ತಂದೆ. ಅಪ್ಪ ಮಾತಾಡಲಿಲ್ಲ. ಹಾಲಿನ ಕ್ಯಾನ್ ಪಕ್ಕದ ಅದೇ ಮೊಳೆಗೆ ನೇತುಹಾಕಿದರು.